ಶತ್ರುವೇ ಸಾಕ್ಷಿ ಹೇಳಿದ ವೀರ: ಅಜ್ಜಮಾಡ ದೇವಯ್ಯ ಮತ್ತು ಇಪ್ಪತ್ಮೂರು ವರ್ಷ ತಡವಾದ ಪದಕ

1988 ರಲ್ಲಿ ಭಾರತ ಸರ್ಕಾರ ಒಬ್ಬ ಯೋಧನಿಗೆ ಮಹಾವೀರ ಚಕ್ರ ಘೋಷಿಸಿತು. ಯುದ್ಧಕಾಲದ ಶೌರ್ಯಕ್ಕೆ ಈ ದೇಶ ಕೊಡುವ ಎರಡನೇ ಅತಿ ದೊಡ್ಡ ಪದಕ ಅದು. ಆದರೆ ಆ ಯೋಧ ತೀರಿಕೊಂಡು ಅಷ್ಟರಲ್ಲಿ ಇಪ್ಪತ್ಮೂರು ವರ್ಷಗಳಾಗಿದ್ದವು. 1965 ರ ಸೆಪ್ಟೆಂಬರ್ 7 ರ ಬೆಳಗಿನ ಜಾವ ಹಾರಿಹೋದ ಅವರು ವಾಪಸ್ ಬಂದಿರಲಿಲ್ಲ. ಅವರು ಅಲ್ಲಿ ಏನು ಮಾಡಿದರು ಎಂಬುದು ಅವರ ಜೊತೆ ಹಾರಿದವರಿಗೂ ತಿಳಿದಿರಲಿಲ್ಲ, ಮೇಲಧಿಕಾರಿಗಳಿಗೂ ತಿಳಿದಿರಲಿಲ್ಲ, ಮನೆಯವರಿಗೂ ತಿಳಿದಿರಲಿಲ್ಲ. ತಿಳಿದಿದ್ದದ್ದು ಎದುರಾಳಿಗೆ ಮಾತ್ರ. ಕೊನೆಗೆ ಆ ಕಡೆಯಿಂದಲೇ ಸುದ್ದಿ ಹೊರಬಿತ್ತು.

ಆ ಯೋಧ ನಮ್ಮ ಕೊಡಗಿನವರು. ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬಿ. ದೇವಯ್ಯ. ಈಚೆಗೆ ಒಂದು ಹಿಂದಿ ಸಿನಿಮಾದಿಂದಾಗಿ ಅವರ ಕಥೆ ಮತ್ತೆ ಚರ್ಚೆಗೆ ಬಂದಿದೆ. ಸಿನಿಮಾದ ಮಾತು ಆಮೇಲೆ ಆಡೋಣ. ಮೊದಲು ನಡೆದದ್ದೇನು, ಅದು ನಡೆಯಿತು ಎಂದು ನಮಗೆ ಗೊತ್ತಾದದ್ದು ಹೇಗೆ ಎನ್ನುವುದನ್ನು ಕ್ರಮವಾಗಿ ನೋಡೋಣ. ಪತ್ರಿಕೋದ್ಯಮ ಓದಿದ ನಮ್ಮಂಥವರಿಗೆ ಈ ಎರಡನೇ ಪ್ರಶ್ನೆಯೇ ಹೆಚ್ಚು ಪಾಠ ಕಲಿಸುತ್ತದೆ.

ಕೈಲ್ ಪೊಳ್ದ್ ಮುಗಿದು ನಾಲ್ಕನೇ ದಿನ

ದೇವಯ್ಯ ಹುಟ್ಟಿದ್ದು 1932 ರ ಡಿಸೆಂಬರ್ 24 ರಂದು. 1954 ರಲ್ಲಿ ವಾಯುಪಡೆಗೆ ಪೈಲಟ್ ಆಗಿ ಸೇರಿದರು. 1965 ರ ಹೊತ್ತಿಗೆ ಅವರು ಹೊಸ ಪೈಲಟ್‌ಗಳಿಗೆ ವಿಮಾನ ಹಾರಿಸುವುದನ್ನು ಕಲಿಸುವ ಶಿಕ್ಷಕರಾಗಿದ್ದರು. ಯುದ್ಧ ಶುರುವಾದಾಗ ಅವರನ್ನು ಪಂಜಾಬಿನ ಆದಂಪುರ ನೆಲೆಯಲ್ಲಿದ್ದ ಒಂದನೇ ಸ್ಕ್ವಾಡ್ರನ್‌ಗೆ ಕಳಿಸಲಾಯಿತು. ವಾಯುಪಡೆಯಲ್ಲಿ 'ಟೈಗರ್ಸ್' ಎಂದು ಕರೆಸಿಕೊಳ್ಳುವ, ದೇಶದ ಅತ್ಯಂತ ಹಳೆಯ ಸ್ಕ್ವಾಡ್ರನ್ ಅದು. ಆಗ ಅವರಿಗೆ ಮೂವತ್ತೆರಡು ವರ್ಷ. ಮನೆಯಲ್ಲಿ ಪತ್ನಿ ಸುಂದರಿ, ಇಬ್ಬರು ಪುಟ್ಟ ಹೆಣ್ಣುಮಕ್ಕಳು.

ಕೊಡಗಿನಲ್ಲಿ ಪ್ರತಿ ವರ್ಷ ಸೆಪ್ಟೆಂಬರ್ 3 ರಂದು ಕೈಲ್ ಪೊಳ್ದ್ ಹಬ್ಬ. ನಾಟಿ ಕೆಲಸ ಮುಗಿಸಿದ ಮನೆಗಳಲ್ಲಿ ಕೋವಿ, ಒಡಿಕತ್ತಿ, ಪೀಚೆಕತ್ತಿಗಳನ್ನು ಒಪ್ಪವಾಗಿ ಜೋಡಿಸಿ, ತೋಕ್‌ಪೂ ಇಟ್ಟು ಪೂಜಿಸುವ ಹಬ್ಬ ಅದು. ಸುಮಾರು ಐದೂವರೆ ಲಕ್ಷ ಜನಸಂಖ್ಯೆಯ ಆ ಪುಟ್ಟ ಜಿಲ್ಲೆ ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರನ್ನೂ ಜನರಲ್ ತಿಮ್ಮಯ್ಯನವರನ್ನೂ ಸೇನೆಗೆ ಕೊಟ್ಟಿದೆ. ಸೈನ್ಯಕ್ಕೆ ಹೋದವರಿಲ್ಲದ ಕುಟುಂಬ ಅಲ್ಲಿ ಅಪರೂಪ. ಆ ವರ್ಷದ ಹಬ್ಬ ಮುಗಿದು ನಾಲ್ಕನೇ ದಿನ ದೇವಯ್ಯ ಸರ್ಗೋಧಾದ ಕಡೆಗೆ ಹಾರಿದರು.

ಸರ್ಗೋಧಾಕ್ಕೇ ಏಕೆ?

1965 ರ ಆಗಸ್ಟ್‌ನಲ್ಲಿ ಪಾಕಿಸ್ತಾನ ಕಾಶ್ಮೀರದೊಳಕ್ಕೆ ಶಸ್ತ್ರಸಜ್ಜಿತ ನುಸುಳುಕೋರರನ್ನು ಕಳಿಸಿತು. ಸೆಪ್ಟೆಂಬರ್ 1 ರಂದು ಛಂಬ್ ವಲಯದಲ್ಲಿ ಟ್ಯಾಂಕುಗಳೊಂದಿಗೆ ನೇರ ದಾಳಿ ಮಾಡಿತು. ಅಂದು ಸಂಜೆ ನೆರವಿಗೆ ಹೋದ ನಮ್ಮ ವಾಯುಪಡೆ ನಾಲ್ಕು ವ್ಯಾಂಪೈರ್ ವಿಮಾನಗಳನ್ನು ಕಳೆದುಕೊಂಡಿತು. ಅವು ಆಗಲೇ ಹಳೆಯ ಕಾಲದವಾಗಿದ್ದವು. ಸೆಪ್ಟೆಂಬರ್ 6 ರಂದು ಭಾರತದ ಸೇನೆ ಪಂಜಾಬಿನ ಗಡಿ ದಾಟಿ ಲಾಹೋರಿನ ಕಡೆ ಮುನ್ನುಗ್ಗಿತು. ಕಾಶ್ಮೀರದ ಜಗಳ ಎರಡು ದೇಶಗಳ ಪೂರ್ಣ ಯುದ್ಧವಾಯಿತು.

ಅದೇ ದಿನ ಸಂಜೆ ಪಾಕಿಸ್ತಾನದ ವಿಮಾನಗಳು ನಮ್ಮ ವಾಯುನೆಲೆಗಳ ಮೇಲೆ ಎರಗಿದವು. ಪಠಾಣ್‌ಕೋಟ್‌ನಲ್ಲಿ ನೆಲದ ಮೇಲೆ ನಿಂತಿದ್ದ ಸುಮಾರು ಹತ್ತು ವಿಮಾನಗಳು ಸುಟ್ಟುಹೋದವು. ಹೊಸದಾಗಿ ಬಂದಿದ್ದ ಮಿಗ್-21 ಗಳೂ ಅದರಲ್ಲಿ ಸೇರಿದ್ದವು. ಇದಕ್ಕೆ ಉತ್ತರ ಕೊಡಲೇಬೇಕಿತ್ತು. ಆ ಉತ್ತರದ ಗುರಿ ಸರ್ಗೋಧಾ.

ಪಾಕಿಸ್ತಾನದ ಪಂಜಾಬಿನಲ್ಲಿರುವ ಸರ್ಗೋಧಾ ಆ ದೇಶದ ವಾಯುಪಡೆಯ ಹೃದಯದಂತಿತ್ತು. ಅಮೆರಿಕ ಕೊಟ್ಟ ಸೇಬರ್ ಮತ್ತು ಸ್ಟಾರ್‌ಫೈಟರ್ ವಿಮಾನಗಳು ಅಲ್ಲಿದ್ದವು. ಸುತ್ತಮುತ್ತ ಸಣ್ಣ ಸಣ್ಣ ಉಪನೆಲೆಗಳು, ವಿಮಾನ ಹೊಡೆಯುವ ಫಿರಂಗಿಗಳು, ರೇಡಾರ್ ಕಣ್ಗಾವಲು ಇದ್ದವು. ಆದಂಪುರದಿಂದ ಅಲ್ಲಿಗೆ ನೇರ ಗೆರೆ ಎಳೆದರೆ ಸುಮಾರು 300 ಕಿಲೋಮೀಟರ್. ರೇಡಾರ್ ಕಣ್ಣಿಗೆ ಬೀಳದಂತೆ ಹೋಗಬೇಕೆಂದರೆ ಮರದ ತುದಿ ಸವರಿಕೊಂಡು ಹೋದಂತೆ ತಗ್ಗಿನಲ್ಲೇ ಹಾರಬೇಕು. ಜೆಟ್ ವಿಮಾನ ತಗ್ಗಿನಲ್ಲಿ ಹಾರಿದಷ್ಟೂ ಇಂಧನ ಬೇಗ ಕರಗುತ್ತದೆ. ಹೋಗಿ, ಹೊಡೆದು, ತಿರುಗಿ ಬರಲು ಬೇಕಾದಷ್ಟೇ ಇಂಧನ. ನಡುವೆ ಕಾದಾಡಲು ಉಳಿಯುತ್ತಿದ್ದದ್ದು ಅತ್ಯಲ್ಪ. ಮುಂದಿನ ಕಥೆ ಅರ್ಥವಾಗಬೇಕಾದರೆ ಈ ಒಂದು ಸಂಗತಿಯನ್ನು ನೆನಪಿಟ್ಟುಕೊಳ್ಳಬೇಕು.

ಎರಡು ವಿಮಾನಗಳು, ಎರಡು ಕಾಲ

ದೇವಯ್ಯ ಹಾರಿಸಿದ್ದು ಮಿಸ್ಟೇರ್. ಫ್ರಾನ್ಸಿನ ದಸೋ ಕಂಪನಿ ತಯಾರಿಸಿದ ಒಂದೇ ಎಂಜಿನ್ನಿನ ವಿಮಾನ. ಐವತ್ತರ ದಶಕದ ಕೊನೆಯಲ್ಲಿ ನಮ್ಮ ವಾಯುಪಡೆಗೆ ಬಂದಿತ್ತು. ನೇರ ಹಾರಾಟದಲ್ಲಿ ಶಬ್ದದ ವೇಗವನ್ನು ಮುಟ್ಟಲಾರದು. ನೆಲದ ಮೇಲಿನ ಗುರಿಗಳನ್ನು ಹೊಡೆಯಲು ಗಟ್ಟಿಮುಟ್ಟಾದ ವಿಮಾನ, ಅಷ್ಟೇ. ಆತ್ಮರಕ್ಷಣೆಗೆ 30 ಮಿಲಿಮೀಟರಿನ ಎರಡು ಗನ್‌ಗಳಿದ್ದವು. ವಿಮಾನವನ್ನು ಅಟ್ಟಿ ಹೊಡೆಯುವ ಕ್ಷಿಪಣಿ ಇರಲಿಲ್ಲ.

ಎದುರಿಗೆ ಬಂದದ್ದು ಎಫ್-104 ಸ್ಟಾರ್‌ಫೈಟರ್. ಶಬ್ದದ ಎರಡು ಪಟ್ಟು ವೇಗದಲ್ಲಿ ಹಾರಬಲ್ಲ ವಿಮಾನ. ಅದಕ್ಕೆ ಶತ್ರು ವಿಮಾನದ ಬಿಸಿಯನ್ನು ಹಿಂಬಾಲಿಸಿ ಹೋಗುವ ಸೈಡ್‌ವೈಂಡರ್ ಕ್ಷಿಪಣಿಯೂ, ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ನೂರಾರು ಗುಂಡು ಉಗುಳುವ ಆರು ನಳಿಗೆಯ ಗನ್ನೂ ಇದ್ದವು. ಆ ಕಾಲಕ್ಕೆ ಇಡೀ ಏಷ್ಯಾದಲ್ಲಿ ಅಂಥ ವಿಮಾನ ಕೆಲವೇ ದೇಶಗಳ ಬಳಿ ಇತ್ತು. ಪಾಕಿಸ್ತಾನದ ಬಳಿ ಇದ್ದದ್ದು ಹತ್ತು ಹನ್ನೆರಡು. ಅವರ ವಾಯುಪಡೆಯ ಹೆಮ್ಮೆ ಅದು.

ಆದರೆ ಸ್ಟಾರ್‌ಫೈಟರ್‌ಗೂ ಒಂದು ಕೊರತೆ ಇತ್ತು. ಅದರ ರೆಕ್ಕೆಗಳು ತೀರಾ ಚಿಕ್ಕವು. ನೇರ ಓಟದಲ್ಲಿ ಅದನ್ನು ಹಿಡಿಯುವವರಿಲ್ಲ. ಆದರೆ ವೇಗ ತಗ್ಗಿಸಿ, ತಗ್ಗಿನಲ್ಲಿ, ಚಿಕ್ಕ ವೃತ್ತದಲ್ಲಿ ತಿರುಗಬೇಕಾಗಿ ಬಂದರೆ ಅದು ಕಷ್ಟಪಡುತ್ತಿತ್ತು. ನಿಧಾನದ ಮಿಸ್ಟೇರ್ ಅಲ್ಲಿ ಅದಕ್ಕಿಂತ ಚುರುಕು.

ಹನ್ನೆರಡರ ಪಟ್ಟಿಯಲ್ಲಿ ಹೆಸರಿರಲಿಲ್ಲ

ಸೆಪ್ಟೆಂಬರ್ 7 ರ ಮುಂಜಾನೆ, ಇನ್ನೂ ಬೆಳಕು ಹರಿಯುವ ಮೊದಲು, ಆದಂಪುರದಿಂದ ಹನ್ನೆರಡು ಮಿಸ್ಟೇರ್‌ಗಳು ಹೊರಡಬೇಕಿತ್ತು. ಮುಂದಾಳು ವಿಂಗ್ ಕಮಾಂಡರ್ ಓ.ಪಿ. ತನೇಜಾ. ಆ ಹನ್ನೆರಡರಲ್ಲಿ ದೇವಯ್ಯ ಇರಲಿಲ್ಲ. ಅವರು ಕಾಯ್ದಿಟ್ಟ ಪೈಲಟ್. ಯಾರದಾದರೂ ವಿಮಾನ ಕೈಕೊಟ್ಟರೆ ಆ ಜಾಗ ತುಂಬಬೇಕಾದವರು. ಯಾವುದೂ ಕೈಕೊಡದಿದ್ದರೆ ನೆಲೆಯಲ್ಲೇ ಉಳಿಯಬೇಕಾದವರು.

ಒಂದು ವಿಮಾನ ಹಿಂದೆ ಉಳಿಯಿತು. ದೇವಯ್ಯ ಆ ಜಾಗಕ್ಕೆ ಸೇರಿಕೊಂಡು ಹೊರಟರು.

ಕತ್ತಲಲ್ಲಿ, ತಗ್ಗಿನಲ್ಲಿ, ರೇಡಿಯೋದಲ್ಲಿ ಮಾತಿಲ್ಲದೆ ಅರ್ಧ ಗಂಟೆಯ ಹಾರಾಟ. ಬೆಳಕು ಮೂಡುವ ಹೊತ್ತಿಗೆ ಸರ್ಗೋಧಾ. ಅಷ್ಟರಲ್ಲಿ ತಂಡದ ಸಾಲು ಚೆದುರಿತ್ತು. ಒಬ್ಬೊಬ್ಬರೂ ತಮಗೆ ಕಂಡ ಗುರಿಗೆ ರಾಕೆಟ್ಟು, ಗುಂಡು ಹಾರಿಸಿ ಪೂರ್ವಕ್ಕೆ ಮುಖ ಮಾಡಿದರು. ಬೆನ್ನ ಹಿಂದೆ ಏನಾಗುತ್ತಿದೆ ಎಂದು ನಿಂತು ನೋಡುವಂತಿರಲಿಲ್ಲ. ಆದಂಪುರಕ್ಕೆ ಮರಳಿದ ಮೇಲೆ ಲೆಕ್ಕ ಹಾಕಿದಾಗ ಒಂದು ವಿಮಾನ ಕಡಿಮೆ ಇತ್ತು. ಬಾರದೆ ಉಳಿದವರು ದೇವಯ್ಯ. ಫಿರಂಗಿಯ ಗುಂಡು ತಗುಲಿತೋ, ನೆಲಕ್ಕೆ ಅಪ್ಪಳಿಸಿತೋ, ಶತ್ರು ವಿಮಾನ ಹೊಡೆಯಿತೋ, ಯಾರೂ ನೋಡಿರಲಿಲ್ಲ. ದಾಖಲೆಯಲ್ಲಿ ಅವರು ಕಾಣೆಯಾದವರ ಸಾಲಿಗೆ ಸೇರಿದರು.

ಬಿದ್ದಿತೆಂದುಕೊಂಡ ವಿಮಾನ ತಿರುಗಿ ನಿಂತಿತು

ನಡೆದದ್ದು ಹೀಗೆ. ದಾಳಿಯ ಸುಳಿವು ಸಿಕ್ಕ ಕೂಡಲೇ ಪಾಕಿಸ್ತಾನದ ಒಂದು ಸ್ಟಾರ್‌ಫೈಟರ್ ಮಿಸ್ಟೇರ್‌ಗಳ ಬೆನ್ನು ಹತ್ತಿತು. ಅದರ ಪೈಲಟ್ ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್. ಹಿಂದೆ ಉಳಿದಿದ್ದ ಒಂದು ಮಿಸ್ಟೇರ್ ಅವರ ಕಣ್ಣಿಗೆ ಬಿತ್ತು. ಕ್ಷಿಪಣಿ ಹಾರಿಸಿದರು, ತಗುಲಲಿಲ್ಲ. ಹತ್ತಿರ ಬಂದು ಗನ್ನಿನಿಂದ ಹೊಡೆದರು, ಗುಂಡುಗಳು ಮಿಸ್ಟೇರ್‌ಗೆ ತಾಗಿದವು. ಇದರ ಕಥೆ ಮುಗಿಯಿತು ಎಂದುಕೊಂಡು ಅವರು ಇನ್ನೊಂದು ಮಿಸ್ಟೇರ್ ಹುಡುಕಿಕೊಂಡು ಹೊರಟರು.

ಕಥೆ ಮುಗಿದಿರಲಿಲ್ಲ. ಏಟು ತಿಂದ ಮಿಸ್ಟೇರ್ ಇನ್ನೂ ಹಾರುತ್ತಿತ್ತು. ಅದು ಸ್ಟಾರ್‌ಫೈಟರ್ ಮೇಲೆ ತಿರುಗಿಬಿತ್ತು. ಇಬ್ಬರೂ ತಗ್ಗಿನಲ್ಲಿ ಒಬ್ಬರ ಸುತ್ತ ಒಬ್ಬರು ಸುತ್ತುತ್ತ ಕಾದಾಡಿದರು. ಆ ಸುತ್ತಾಟದಲ್ಲಿ ಎಫ್-104 ತನ್ನ ವೇಗದ ಬಲವನ್ನು ಕಳೆದುಕೊಂಡಿತು. ಮಿಸ್ಟೇರಿನ ಗುಂಡುಗಳು ಅದಕ್ಕೆ ತಾಗಿದವು. ವಿಮಾನ ಹಿಡಿತ ತಪ್ಪಿತು. ಅಮ್ಜದ್ ಹುಸೇನ್ ಪ್ಯಾರಾಚೂಟ್ ಬಳಸಿ ಹೊರಜಿಗಿದು ಬದುಕಿದರು. ಮಿಸ್ಟೇರಿನ ಪೈಲಟ್ ಬದುಕಲಿಲ್ಲ.

ಆ ಯುದ್ಧದಲ್ಲಿ ಆಕಾಶದ ಕಾಳಗದಲ್ಲಿ ಪಾಕಿಸ್ತಾನ ಕಳೆದುಕೊಂಡ ಸ್ಟಾರ್‌ಫೈಟರ್ ಇದೊಂದೇ. ಅದನ್ನು ಹೊಡೆದದ್ದು ಆಗಲೇ ಗುಂಡೇಟು ತಿಂದಿದ್ದ, ಶಬ್ದದ ವೇಗವನ್ನೂ ಮುಟ್ಟಲಾರದ ಒಂದು ಮಿಸ್ಟೇರ್.

ದೇವಯ್ಯ ಆ ಗಳಿಗೆಯಲ್ಲಿ ಏನು ಯೋಚಿಸಿದರು ಎಂದು ಬರೆಯುವ ಆಸೆ ಎಲ್ಲರಿಗೂ ಆಗುತ್ತದೆ. ನಾವು ಬರೆಯುವುದಿಲ್ಲ. ಕಾಕ್‌ಪಿಟ್ಟಿನಲ್ಲಿ ಅವರೊಬ್ಬರೇ ಇದ್ದರು. ಆದರೆ ಲೆಕ್ಕವನ್ನಂತೂ ನಾವೂ ಹಾಕಬಹುದು. ಇಂಧನ ಮಿತವಾಗಿತ್ತು, ವಿಮಾನಕ್ಕೆ ಏಟು ಬಿದ್ದಿತ್ತು, ನೆಲೆ 300 ಕಿಲೋಮೀಟರ್ ದೂರದಲ್ಲಿತ್ತು. ತಗ್ಗಿನ ಕಾಳಗಕ್ಕೆ ಇಳಿದರೆ ಮನೆಗೆ ಮರಳುವ ಇಂಧನ ಉಳಿಯದು ಎಂಬುದು ಹತ್ತು ವರ್ಷ ಹಾರಾಟದ ಅನುಭವವಿದ್ದ, ಇತರರಿಗೆ ಹಾರಲು ಕಲಿಸಿದ ಆ ಮೇಷ್ಟ್ರಿಗೆ ತಿಳಿಯದ ಸಂಗತಿಯಲ್ಲ. ಮುಂದೆ ಅವರ ಜೊತೆಗಾರರು ಮನೆಯ ದಾರಿ ಹಿಡಿದಿದ್ದರು. ಅವರ ಬೆನ್ನ ಹಿಂದೆ ಶತ್ರುವಿನ ಅತಿ ವೇಗದ ವಿಮಾನ ಬಿಟ್ಟೂಬಿಡದೆ ಬೇಟೆಗೆ ಹೊರಟಿತ್ತು. ಅದು ಮತ್ತೊಂದು ಮಿಸ್ಟೇರನ್ನು ತಲುಪಲಿಲ್ಲ. ಅಂದು ಆ ತಂಡದಲ್ಲಿ ಮರಳದೆ ಹೋದವರು ಒಬ್ಬರೇ.

ಮೌನದ ಹದಿನಾಲ್ಕು ವರ್ಷ

ಸೆಪ್ಟೆಂಬರ್ 23 ರಂದು ಕದನ ನಿಂತಿತು. 1966 ರ ಜನವರಿ 10 ರಂದು ತಾಷ್ಕೆಂಟ್ ಒಪ್ಪಂದವಾಯಿತು. ಯುದ್ಧಕೈದಿಗಳು ತಮ್ಮ ತಮ್ಮ ದೇಶಕ್ಕೆ ಮರಳಿದರು. ದೇವಯ್ಯ ಮರಳಲಿಲ್ಲ. ಕೊನೆಗೆ ಅವರು ಮಡಿದರೆಂದು ಪರಿಗಣಿಸಲಾಯಿತು.

ಆಗ ಅವರಿಗೆ ಪದಕ ಬರಲಿಲ್ಲ. ಅದಕ್ಕೆ ಯಾರನ್ನೂ ದೂರುವಂತಿಲ್ಲ. ಶೌರ್ಯ ಪದಕಕ್ಕೆ ಶಿಫಾರಸು ಬೇಕು, ಶಿಫಾರಸಿಗೆ ನಡೆದದ್ದನ್ನು ಕಂಡವರು ಬೇಕು. ನೆಲದ ಯುದ್ಧದಲ್ಲಿ ಪಕ್ಕದ ಕಂದಕದವನಾದರೂ ನೋಡಿರುತ್ತಾನೆ. ಒಬ್ಬನೇ ಕೂರುವ ವಿಮಾನದಲ್ಲಿ, ಶತ್ರುವಿನ ನೆಲದ ಮೇಲೆ, ಜೊತೆಯವರೆಲ್ಲ ಮುಂದೆ ಹೋದ ಮೇಲೆ ನಡೆದ ಕಾಳಗಕ್ಕೆ ನಮ್ಮ ಕಡೆಯ ಸಾಕ್ಷಿ ಯಾರು?

1979 ರಲ್ಲಿ ಜಾನ್ ಫ್ರಿಕರ್ ಎಂಬ ಬ್ರಿಟಿಷ್ ಲೇಖಕರ ಪುಸ್ತಕವೊಂದು ಬಂತು. ವಿಷಯ 1965 ರ ವಾಯುಯುದ್ಧ. ಪಾಕಿಸ್ತಾನ ವಾಯುಪಡೆಯ ನೆರವಿನಿಂದ, ಅದರ ದಾಖಲೆ ಮತ್ತು ಪೈಲಟ್‌ಗಳ ಮಾತುಗಳನ್ನು ಆಧರಿಸಿ ಬರೆದದ್ದು. ಸಹಜವಾಗಿಯೇ ಅದು ಪಾಕಿಸ್ತಾನದ ವಾಯುಪಡೆಯನ್ನು ಹೊಗಳುವ ಪುಸ್ತಕ. ಆದರೆ ಅದರೊಳಗೇ ಈ ಕಾಳಗದ ವಿವರವಿತ್ತು. ಅಮ್ಜದ್ ಹುಸೇನರ ಸ್ಟಾರ್‌ಫೈಟರ್ ಬಿದ್ದದ್ದು ಒಂದು ಮಿಸ್ಟೇರ್ ಜೊತೆಗಿನ ಕಾಳಗದಲ್ಲಿ ಎಂದೂ, ಆ ಭಾರತೀಯ ಪೈಲಟ್ ಚೆನ್ನಾಗಿ ಕಾದಾಡಿದನೆಂದೂ ಅದು ಒಪ್ಪಿಕೊಂಡಿತ್ತು. ಪೈಲಟ್ ಯಾರೆಂದು ಮಾತ್ರ ಅವರಿಗೆ ಗೊತ್ತಿರಲಿಲ್ಲ.

ಆ ಹೆಸರು ಗೊತ್ತಿದ್ದದ್ದು ನಮಗೆ. ಆ ಬೆಳಿಗ್ಗೆ ಆ ದಾಳಿಗೆ ಹೋದ ಮಿಸ್ಟೇರ್‌ಗಳಲ್ಲಿ ಒಂದನ್ನು ಬಿಟ್ಟು ಉಳಿದೆಲ್ಲವೂ ಮರಳಿದ್ದವು. ಮರಳಿದ ಯಾರೂ ಸ್ಟಾರ್‌ಫೈಟರ್ ಹೊಡೆದೆನೆಂದು ಹೇಳಿರಲಿಲ್ಲ. ಹಾಗಾದರೆ ಆ ಮಿಸ್ಟೇರಿನಲ್ಲಿ ಇದ್ದವರು ಯಾರು? ಉತ್ತರ ಒಂದೇ. ಅರ್ಧ ಸತ್ಯ ಗಡಿಯ ಆ ಕಡೆ, ಅರ್ಧ ಸತ್ಯ ಈ ಕಡೆ ಬಿದ್ದಿತ್ತು. ಎರಡನ್ನೂ ಪಕ್ಕಪಕ್ಕ ಇಟ್ಟಾಗ ದೇವಯ್ಯ ಎದ್ದು ನಿಂತರು. ವಾಯುಪಡೆ ವಿಚಾರಣೆ ನಡೆಸಿತು. 1988 ರಲ್ಲಿ ಮಹಾವೀರ ಚಕ್ರ ಘೋಷಣೆಯಾಯಿತು. ಅರ್ಧ ಬಿಳಿ, ಅರ್ಧ ಕೇಸರಿ ಪಟ್ಟಿಯ ಆ ಬೆಳ್ಳಿ ಪದಕವನ್ನು ಸುಂದರಿ ದೇವಯ್ಯ ಸ್ವೀಕರಿಸಿದರು.

ಪುಸ್ತಕ ಬಂದು ಪದಕ ಬರಲು ಒಂಬತ್ತು ವರ್ಷ. ಗಂಡ ಹೇಗೆ ಹೋದರೆಂದು ತಿಳಿಯದೆ ಹೆಂಡತಿ ಕಳೆದದ್ದು ಅದಕ್ಕೂ ಹಿಂದಿನ ಹದಿನಾಲ್ಕು ವರ್ಷ. ಪದಕದ ತೂಕದಲ್ಲಿ ಈ ವರ್ಷಗಳೂ ಸೇರಬೇಕು.

ಈ ಸಾಕ್ಷಿಯನ್ನು ಏಕೆ ನಂಬಬೇಕು?

ಯುದ್ಧದ ಸುದ್ದಿ ಎಂದರೆ ಉಬ್ಬಿಸಿದ ಲೆಕ್ಕ ಎಂಬುದು ಪತ್ರಿಕೋದ್ಯಮದ ಮೊದಲ ಪಾಠಗಳಲ್ಲಿ ಒಂದು. ನಾವು ಹೊಡೆದದ್ದು ಹೆಚ್ಚು, ಕಳೆದುಕೊಂಡದ್ದು ಕಡಿಮೆ ಎಂದು ಎಲ್ಲ ದೇಶಗಳೂ ಹೇಳುತ್ತವೆ. 1965 ರಲ್ಲೂ ಎರಡೂ ಕಡೆ ಅದೇ ಆಯಿತು. ಅದೇ ಸೆಪ್ಟೆಂಬರ್ 7 ರಂದು ಸರ್ಗೋಧಾದ ಮೇಲೆ ನಡೆದ ಮುಂದಿನ ಕಾಳಗಗಳಲ್ಲಿ ತಮ್ಮ ಒಬ್ಬ ಪೈಲಟ್ ಒಬ್ಬರೇ ಐದು ಹಂಟರ್ ವಿಮಾನ ಬೀಳಿಸಿದರೆಂದು ಪಾಕಿಸ್ತಾನ ಹೇಳಿಕೊಂಡಿತು. ಆ ಲೆಕ್ಕದ ಬಗ್ಗೆ ಇವತ್ತಿಗೂ ತಕರಾರಿದೆ. ಆ ದೇಶ ಸೆಪ್ಟೆಂಬರ್ 7 ನ್ನು ತನ್ನ ವಾಯುಪಡೆ ದಿನವಾಗಿ ಆಚರಿಸುತ್ತದೆ.

ಇಂಥ ಹೊತ್ತಿನಲ್ಲಿ ನಂಬಿಕೆಗೆ ಒಂದು ಹಳೆಯ ಅಳತೆಗೋಲಿದೆ. ಹೇಳುವವನಿಗೆ ಲಾಭ ತರುವ ಮಾತನ್ನು ಎರಡು ಸಲ ಪರೀಕ್ಷಿಸು. ಹೇಳುವವನಿಗೇ ನಷ್ಟ ತರುವ ಮಾತಿಗೆ ಹೆಚ್ಚು ಬೆಲೆ ಕೊಡು. ತಮ್ಮ ಅತಿ ಹೆಮ್ಮೆಯ ವಿಮಾನವನ್ನು ಭಾರತದ ಹಳೆಯ ವಿಮಾನವೊಂದು ಹೊಡೆದುರುಳಿಸಿತು ಎಂದು ಒಪ್ಪಿಕೊಳ್ಳುವುದರಿಂದ ಪಾಕಿಸ್ತಾನಕ್ಕೆ ಯಾವ ಲಾಭವೂ ಇರಲಿಲ್ಲ. ಆದ್ದರಿಂದಲೇ ಅದು ಗಟ್ಟಿ ಸಾಕ್ಷಿ. ನಮ್ಮವರೇ ಹೇಳಿದ್ದರೆ ಅಭಿಮಾನದ ಮಾತು ಎಂದು ಯಾರಾದರೂ ತಳ್ಳಿಹಾಕಬಹುದಿತ್ತು. ದೇವಯ್ಯನವರ ಶೌರ್ಯವನ್ನು ಹಾಗೆ ತಳ್ಳಿಹಾಕಲು ಬರುವುದಿಲ್ಲ.

ಇದರ ಜೊತೆಗೆ ಇನ್ನೊಂದು ಸಂಗತಿ. ದೇವಯ್ಯನವರ ದೇಹ ಹೊಲದಲ್ಲಿ ಸಿಕ್ಕಿತೆಂದೂ, ಅಲ್ಲಿನ ಹಳ್ಳಿಗರೇ ಅದನ್ನು ಮಣ್ಣು ಮಾಡಿದರೆಂದೂ ಪಾಕಿಸ್ತಾನದ ಕಡೆಯ ಬರಹಗಳು ಹೇಳುತ್ತವೆ. ಯಾವ ಊರಿನವನೋ, ಯಾವ ಭಾಷೆಯವನೋ ತಿಳಿಯದ ಒಬ್ಬ ಪರದೇಶಿಗೆ ಪಂಜಾಬಿನ ರೈತರು ಮೂರು ಹಿಡಿ ಮಣ್ಣು ಹಾಕಿದರು. ಕಾವೇರಿ ಹುಟ್ಟುವ ನಾಡಿನ ಮಗ ಚೆನಾಬ್ ಹರಿಯುವ ನಾಡಿನಲ್ಲಿ ಉಳಿದುಕೊಂಡರು.

ಎದುರಾಳಿಯೂ ಯೋಧನೇ

ಬಿದ್ದ ಯೋಧನನ್ನು ಗೌರವಿಸಲು ಎದುರಾಳಿಯನ್ನು ಹೀನಾಯವಾಗಿ ಚಿತ್ರಿಸಬೇಕಿಲ್ಲ. ಅಮ್ಜದ್ ಹುಸೇನ್ ಹೇಡಿಯಲ್ಲ. ಸ್ಟಾರ್‌ಫೈಟರ್‌ನಂಥ ವಿಮಾನವನ್ನು ತಗ್ಗಿನ ಕಾಳಗಕ್ಕೆ ಇಳಿಸಿದವರು ಅವರು. 1971 ರ ಯುದ್ಧದಲ್ಲೂ ಅವರು ಸ್ಟಾರ್‌ಫೈಟರ್ ಹಾರಿಸಿದರು. ಅಮೃತಸರದ ಬಳಿ ನಮ್ಮ ವಿಮಾನ ಹೊಡೆಯುವ ಗನ್ನುಗಳಿಗೆ ಸಿಕ್ಕಿ, ಮತ್ತೆ ಹೊರಜಿಗಿದು ಬದುಕಿ, ಯುದ್ಧಕೈದಿಯಾದರು. ಎದುರಾಳಿ ದುರ್ಬಲ ಎಂದರೆ ಗೆದ್ದವನ ಗೆಲುವೂ ಸಣ್ಣದಾಗುತ್ತದೆ.

ದೇವಯ್ಯ ಮಡಿದ ಹಿಂದಿನ ಸಂಜೆ ಹಲ್ವಾರಾದ ಮೇಲೆ ಪಾಕಿಸ್ತಾನದ ಸ್ಕ್ವಾಡ್ರನ್ ಲೀಡರ್ ಸರ್ಫ್ರಾಜ್ ರಫೀಕಿ ಸತ್ತರು. ಗನ್ನು ಕೆಟ್ಟುನಿಂತ ಮೇಲೂ ಅವರು ಜೊತೆಗಾರನನ್ನು ಮುಂದೆ ಬಿಟ್ಟು ಅವನ ಬೆನ್ನು ಕಾಯಲು ನಿಂತರೆಂದು ಆ ದೇಶ ನೆನೆಯುತ್ತದೆ. ಒಂದು ರಾತ್ರಿಯ ಅಂತರದಲ್ಲಿ, ಗಡಿಯ ಎರಡು ಬದಿಯಲ್ಲಿ, ಇಬ್ಬರು ಸ್ಕ್ವಾಡ್ರನ್ ಲೀಡರ್‌ಗಳು ತಮ್ಮವರಿಗಾಗಿ ಹಿಂದೆ ಉಳಿದರು. ರಫೀಕಿಯವರಿಗೆ ಸಾಕ್ಷಿಗಳಿದ್ದರು, ಬೇಗನೆ ಗೌರವ ಸಿಕ್ಕಿತು. ದೇವಯ್ಯನವರಿಗೆ ಇರಲಿಲ್ಲ.

ಅದೇ ಯುದ್ಧದ ಕೊನೆಯಲ್ಲಿ, ಸೆಪ್ಟೆಂಬರ್ 22 ರಂದು, ಇನ್ನೊಬ್ಬ ಕೊಡವ ಪೈಲಟ್ ಹಂಟರ್ ವಿಮಾನದಿಂದ ಹೊರಜಿಗಿದು ಪಾಕಿಸ್ತಾನದ ಸೆರೆ ಸೇರಿದರು. ಅವರು ಕಾರ್ಯಪ್ಪನವರ ಮಗ ಕೆ.ಸಿ. ಕಾರ್ಯಪ್ಪ. ಆಗ ಪಾಕಿಸ್ತಾನದ ಅಧ್ಯಕ್ಷರಾಗಿದ್ದ ಅಯೂಬ್ ಖಾನ್, ದೇಶ ಒಡೆಯುವ ಮೊದಲು ಅದೇ ಸೈನ್ಯದಲ್ಲಿ ಕಾರ್ಯಪ್ಪನವರ ಕಿರಿಯ ಅಧಿಕಾರಿಯಾಗಿದ್ದವರು. ಮಗನಿಗೆ ವಿಶೇಷ ಸೌಲಭ್ಯ ಕೊಡುವ ಮಾತು ಬಂದಾಗ ತಂದೆ ಒಪ್ಪಲಿಲ್ಲ. ಸೆರೆಯಲ್ಲಿರುವ ಎಲ್ಲ ಭಾರತೀಯ ಸೈನಿಕರೂ ತನ್ನ ಮಕ್ಕಳೇ, ಎಲ್ಲರಿಗೂ ಕೊಡುವುದನ್ನೇ ಇವನಿಗೂ ಕೊಡಲಿ ಎಂಬುದು ಅವರ ನಿಲುವು. ಕೊಡಗಿನ ಒಂದು ಮನೆಗೆ ಮಗ ಮರಳಿ ಬಂದ. ಇನ್ನೊಂದು ಮನೆಗೆ ಬರಲಿಲ್ಲ.

ಕಲ್ಲು ನೆಟ್ಟವರ ನಾಡಿನಲ್ಲಿ

ಕಾದಿ ಬಿದ್ದವನನ್ನು ನೆನೆಯುವುದು ಕನ್ನಡನಾಡಿಗೆ ಹೊಸದಲ್ಲ. ನಮ್ಮ ಹಳ್ಳಿಗಳ ಊರಬಾಗಿಲಲ್ಲಿ, ಕೆರೆಯ ಏರಿಯ ಮೇಲೆ, ಹೊಲದ ಬದುವಿನಲ್ಲಿ ವೀರಗಲ್ಲುಗಳಿವೆ. ಕೆಳಗಿನ ಸಾಲಿನಲ್ಲಿ ಕಾಳಗ, ನಡುವೆ ಅಪ್ಸರೆಯರು ಅವನನ್ನು ಕರೆದೊಯ್ಯುವ ದೃಶ್ಯ, ಮೇಲೆ ಕೈಲಾಸ. ತುರು ಬಿಡಿಸಲು ಹೋಗಿ ಸತ್ತವನು, ಊರು ಉಳಿಸಲು ಸತ್ತವನು, ಹೆಣ್ಣಿನ ಮಾನ ಕಾಯಲು ಸತ್ತವನು, ಎಲ್ಲರಿಗೂ ಕಲ್ಲು. ಅರಸರ ಕಥೆ ತಾಮ್ರಪಟದಲ್ಲಿದ್ದರೆ ಸಾಮಾನ್ಯರ ಕಥೆ ಈ ಕಲ್ಲುಗಳಲ್ಲಿದೆ.

ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕ ಹತ್ತನೇ ಶತಮಾನದ ಶಾಸನ ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದ ಯುದ್ಧದಲ್ಲಿ ಶೌರ್ಯ ತೋರಿದ ಮಣಲೆರನೆಂಬ ವೀರ ತನ್ನ ಒಡೆಯನಿಂದ ಬೇಡಿ ಪಡೆದದ್ದು ಕಾಳಿ ಎಂಬ ನಾಯಿಯನ್ನು. ಹಂದಿಯೊಂದಿಗೆ ಕಾದಾಡಿ ಆ ನಾಯಿ ಸತ್ತಿತು, ಹಂದಿಯೂ ಸತ್ತಿತು. ನಾಯಿಗೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಟ್ಟರು. ಕಲ್ಲಿಗೆ ಪೂಜೆ ಮಾಡದೆ ಉಂಡವನಿಗೆ ಪಾಪ ತಟ್ಟುತ್ತದೆ ಎಂದು ಶಾಸನದಲ್ಲೇ ಬರೆಸಿದರು. ನಮ್ಮ ಹಿರಿಯರಿಗೆ ಒಂದು ವಿಷಯ ಚೆನ್ನಾಗಿ ಗೊತ್ತಿತ್ತು. ಕಲ್ಲು ನೆಡುವುದು ಒಂದು ದಿನದ ಕೆಲಸ, ನೆನಪನ್ನು ಕಾಯುವುದು ದಿನನಿತ್ಯದ ಕೆಲಸ. ಅದಕ್ಕೇ ಅವರು ಕಲ್ಲಿನ ಜೊತೆ ಹೊಲವನ್ನೂ ಬಿಟ್ಟರು, ಕಾಯುವವನನ್ನೂ ನೇಮಿಸಿದರು.

ವೀರಗಲ್ಲಿಗೂ ದೇವಯ್ಯನವರ ಕಥೆಗೂ ಒಂದು ವ್ಯತ್ಯಾಸವಿದೆ. ವೀರಗಲ್ಲನ್ನು ನೆಟ್ಟವರು ಕಾಳಗವನ್ನು ಕಂಡವರು, ಇಲ್ಲವೇ ಕಂಡವರಿಂದ ಕೇಳಿದವರು. ದೇವಯ್ಯನವರ ಕಲ್ಲಿನ ಮೊದಲ ಸಾಲನ್ನು ಕೊರೆದವರು ಎದುರು ನಿಂತು ಕಾದಿದವರು.

ಹೆಸರು ಹೆಸರಾಗಿಯೇ ಇರಲಿ

2025 ರ ಜನವರಿಯಲ್ಲಿ 'ಸ್ಕೈ ಫೋರ್ಸ್' ಎಂಬ ಹಿಂದಿ ಸಿನಿಮಾ ಬಿಡುಗಡೆಯಾಯಿತು. ಸರ್ಗೋಧಾ ದಾಳಿ ಮತ್ತು ದೇವಯ್ಯನವರ ಕಥೆಯಿಂದ ಪ್ರೇರಣೆ ಪಡೆದ ಸಿನಿಮಾ. ಆದರೆ ಪಾತ್ರಕ್ಕೆ ಬೇರೆಯೇ ಹೆಸರು. ಆತ ಕೊಡಗಿನವನು ಎಂಬ ಗುರುತು ಅದರಲ್ಲಿ ಉಳಿಯಲಿಲ್ಲ ಎಂದು ಕೊಡವರು ಬೇಸರಪಟ್ಟರು. ಸಿನಿಮಾಕ್ಕೆ ಅದರದೇ ಲೆಕ್ಕಾಚಾರ, ಅನುಕೂಲಗಳಿರುತ್ತವೆ. ಲಕ್ಷಾಂತರ ಜನರಿಗೆ ಕಥೆ ಮುಟ್ಟಿಸಿದ್ದೂ ನಿಜ. ಆದರೂ ಆ ಬೇಸರ ಬರೀ ಜಾತಿಯ, ಊರಿನ ಅಭಿಮಾನದ್ದಲ್ಲ ಎನ್ನುವುದು ನಮ್ಮ ಅಭಿಪ್ರಾಯ. ಈ ಮನುಷ್ಯನ ಇಡೀ ಕಥೆಯೇ ಕಳೆದುಹೋದ ಹೆಸರಿನ ಕಥೆ. ಹದಿನಾಲ್ಕು ವರ್ಷ ಅವರ ಶೌರ್ಯ ಹೆಸರಿಲ್ಲದೆ ಶತ್ರುವಿನ ನೆನಪಿನಲ್ಲಿತ್ತು. ಅವರ ಹೆಸರು ಶೌರ್ಯವಿಲ್ಲದೆ ನಮ್ಮ ಕಡತದಲ್ಲಿತ್ತು. ಅಷ್ಟು ಕಷ್ಟದಿಂದ ಕೂಡಿಸಿದ ಎರಡನ್ನು ಮತ್ತೆ ಬೇರೆ ಮಾಡಬಾರದು.

ಮಡಿಕೇರಿಯಲ್ಲಿ ಅವರ ಹೆಸರಿನ ವೃತ್ತವಿದೆ. ದೆಹಲಿಯಲ್ಲಿ 2019 ರಲ್ಲಿ ಉದ್ಘಾಟನೆಯಾದ ರಾಷ್ಟ್ರೀಯ ಯುದ್ಧ ಸ್ಮಾರಕದ ಗೋಡೆಗಳ ಮೇಲೆ 25 ಸಾವಿರಕ್ಕೂ ಹೆಚ್ಚು ಹೆಸರುಗಳಿವೆ. ಪ್ರತಿ ಹೆಸರಿನ ಹಿಂದೆ ಒಂದು ಊರು, ಒಂದು ಮನೆ, ಒಂದು ಕೊನೆಯ ಗಳಿಗೆ ಇದೆ. ಆ ಗಳಿಗೆಯನ್ನು ಕಂಡವರು ಎಲ್ಲರಿಗೂ ಇರಲಿಲ್ಲ. ದೇವಯ್ಯನವರ ಪಾಲಿಗೆ ಎದುರಾಳಿ ಬದುಕಿದ್ದ, ಮಾತಾಡಿದ, ಒಬ್ಬ ಲೇಖಕ ಅದನ್ನು ಬರೆದ. ಈ ಮೂರರಲ್ಲಿ ಒಂದು ತಪ್ಪಿದ್ದರೂ ಅವರು ಇವತ್ತಿಗೂ ಕಾಣೆಯಾದ ಒಬ್ಬ ಪೈಲಟ್ ಆಗಿಯೇ ಉಳಿಯುತ್ತಿದ್ದರು.

ಅದಕ್ಕೇ ಈ ಲೇಖನ ಬರೆಯುವಾಗ ನಮ್ಮೊಳಗೆ ಒಂದು ಮಾತು ಬಂತು. ಗ್ರಾಮೀಣ ಪತ್ರಿಕೋದ್ಯಮ ಓದಿದ ನಾವು ನೀರು, ಬೆಲೆ, ರಸ್ತೆ, ಶಾಲೆಗಳ ಬಗ್ಗೆ ಬರೆಯುತ್ತೇವೆ. ಅದು ಬೇಕು. ಆದರೆ ನಮ್ಮ ಹಳ್ಳಿಗಳಲ್ಲಿ 1965 ಮತ್ತು 1971 ನ್ನು ಕಂಡ ನಿವೃತ್ತ ಸೈನಿಕರು ಈಗ ಎಂಬತ್ತು ವರ್ಷದ ಆಸುಪಾಸಿನಲ್ಲಿದ್ದಾರೆ. ಆಗಸ್ಟ್ 15 ರಂದು ಅವರನ್ನು ಕರೆದು, ಶಾಲು ಹೊದಿಸಿ, ಫೋಟೋ ತೆಗೆಸಿ ಕಳಿಸುತ್ತೇವೆ. ಅವರು ಯಾರ ಪಕ್ಕದಲ್ಲಿ ನಿಂತಿದ್ದರು, ಯಾರು ಬಿದ್ದದ್ದನ್ನು ಕಂಡರು, ಬಿದ್ದವನ ಊರು ಯಾವುದು ಎಂದು ಕೇಳಿ ಬರೆದುಕೊಂಡವರು ಕಡಿಮೆ. ಶಾಲಿಗಿಂತ ಆ ಪ್ರಶ್ನೆಗಳೇ ದೊಡ್ಡ ಸನ್ಮಾನ. ನಿಮ್ಮ ಊರಿನಲ್ಲಿ ಅಂಥ ಹಿರಿಯರಿದ್ದರೆ ಒಮ್ಮೆ ಹೋಗಿ ಕೂತು ಕೇಳಿ. ಅವರು ಹೇಳಿದ್ದನ್ನು ದಿನಾಂಕ, ಸ್ಥಳದ ಸಮೇತ ಬರೆದಿಡಿ. ಉಬ್ಬಿಸಬೇಡಿ, ಅಲಂಕರಿಸಬೇಡಿ. ದೇವಯ್ಯನವರಿಗೆ ನ್ಯಾಯ ಕೊಡಿಸಿದ್ದು ಘೋಷಣೆಗಳಲ್ಲ, ಎಲ್ಲೋ ಯಾರೋ ಸರಿಯಾಗಿ ಬರೆದಿಟ್ಟ ಕೆಲವು ಸಾಲುಗಳು.

ಕೊಡವರ ಐನ್‌ಮನೆಗಳಲ್ಲಿ ನೆಲ್ಲಕ್ಕಿಯ ದೀಪದ ಮುಂದೆ ಗುರುಕಾರಣರನ್ನು ನೆನೆಯುವ ರೂಢಿಯಿದೆ. ಹೋದ ಹಿರಿಯರು ಮನೆಯ ಜೊತೆಗೇ ಇರುತ್ತಾರೆ ಎಂಬ ನಂಬಿಕೆ ಅದು. ಪ್ರತಿ ವರ್ಷ ಸೆಪ್ಟೆಂಬರ್ 7 ಬರುತ್ತದೆ. ಅಂದು ಬೆಳಗಿನ ಜಾವ ಒಂದು ನಿಮಿಷ ಬಿಡುವು ಮಾಡಿಕೊಂಡು ಈ ಹೆಸರನ್ನು ಪೂರ್ತಿಯಾಗಿ ಹೇಳಿಕೊಳ್ಳೋಣ: ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬಿ. ದೇವಯ್ಯ, ಮಹಾವೀರ ಚಕ್ರ.